ಎದೆಯ ಓಲೆಯನ್ನು ಓದುವವರು

ಹೃದಯವನ್ನು ಓದುವುದು ಎಂದೊಡನೆ ನಮ್ಮಲ್ಲಿ ಕವಿಗಳ ನೆನಪಾಗುತ್ತದೆ. ನಾನು ಇಲ್ಲಿ ಹೇಳಹೊರಟಿರುವುದು ಬೇರೊಂದು ಬಗೆಯ ಓದಿನ ಕಥೆ. ಇದು ಕಾಗದದ ಮೇಲೆ ಮೂಡುವ ಸೊಟ್ಟ ಗೆರೆಗಳ, ತೆರೆಯ ಮೇಲೆ ಮಿಡಿಯುವ ಕಪ್ಪು ಬಿಳುಪು ನೆರಳುಗಳ ಓದು. ಈ ಓದು ತಡವಾದರೆ ಮನೆಯ ಯಜಮಾನನೇ ಇಲ್ಲವಾಗಬಹುದು. ಈಚೆಗೆ ಈ ಓದಿಗೆ ಕೃತಕ ಬುದ್ಧಿಮತ್ತೆಯೆಂಬ ಯಂತ್ರವೂ ಬಂದು ಕುಳಿತಿದೆ. ಅದು ಬಂದದ್ದು ಹೇಗೆ, ಅದರಿಂದ ನಮಗೇನು ಲಾಭ ಎಂಬುದನ್ನು ನಮ್ಮ ಮೈಸೂರು ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ನೋಡೋಣ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ: ಇವೇ ಆ ನಾಲ್ಕು. ಈಚಿನ ವರ್ಷಗಳಲ್ಲಿ ಸಾಲಿಗ್ರಾಮವೂ ಸರಗೂರೂ ಒಡೆದು ಬೇರೆ ತಾಲ್ಲೂಕುಗಳಾಗಿವೆ. ಆದರೂ ಜನರ ಮಾತಿನಲ್ಲಿ ಹಳೆಯ ಗಡಿಗಳೇ ಉಳಿದಿವೆ. ಹಳಬರಿಗೆ ಕೃಷ್ಣರಾಜನಗರ ಇಂದಿಗೂ ಎಡತೊರೆಯೇ. ಅಲ್ಲಿ ಕಾವೇರಿಯ ನಾಲೆಗಳು, ಭತ್ತದ ಗದ್ದೆಗಳು. ಹುಣಸೂರು ಪಿರಿಯಾಪಟ್ಟಣಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು, ಅದನ್ನು ಹದಮಾಡುವ ಬ್ಯಾರನ್ನುಗಳು. ಕೋಟೆಯ ಕಡೆ ಕಬಿನಿ, ಕಾಡು, ಕಾಡಂಚಿನ ಹಾಡಿಗಳು. ಮೈಸೂರಿಗೆ ಕೃಷ್ಣರಾಜನಗರದಿಂದ ಸುಮಾರು 40 ಕಿಲೋಮೀಟರ್, ಹುಣಸೂರಿನಿಂದ 45, ಕೋಟೆಯಿಂದ 50ರ ಆಸುಪಾಸು, ಪಿರಿಯಾಪಟ್ಟಣದಿಂದ 70ರ ಹತ್ತಿರ. ಇದು ತಾಲ್ಲೂಕು ಕೇಂದ್ರಗಳ ಲೆಕ್ಕ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಹಾದಿ ಬೇರೆ. ಬಾವಲಿಯ ಕಡೆಯ ಕಾಡುರಸ್ತೆಯಲ್ಲಂತೂ ರಾತ್ರಿ ಸಾಮಾನ್ಯ ವಾಹನಗಳ ಸಂಚಾರಕ್ಕೇ ನಿಷೇಧವುಂಟು.

ಅಂಕಿಗಳನ್ನು ಮೊದಲಿಗೇ ಕೊಟ್ಟುದಕ್ಕೆ ಕಾರಣವಿದೆ. ಹೃದಯ ವೈದ್ಯದ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಒಂದು ಸಂಗತಿ ಸ್ಪಷ್ಟವಾಗಿದೆ. ಈ ಶಾಸ್ತ್ರದಲ್ಲಿ ಹೊಸ ಉಪಕರಣ ಬಂದಾಗಲೆಲ್ಲ ಅದರ ಬೆನ್ನಿಗೇ ದೂರದ ಪ್ರಶ್ನೆಯೂ ಬಂದಿದೆ. ಎದೆ ಒಂದು ಕಡೆ, ಅದನ್ನು ಬಲ್ಲವನು ಇನ್ನೊಂದು ಕಡೆ. ನಡುವಿನ ದಾರಿಯನ್ನು ಸವೆಸುವುದು ಹೇಗೆ? ಹಿಂದೆ ಹಳ್ಳಿಯ ಮನೆಗೆ ಕಾಗದ ಬಂದರೆ ಅದನ್ನು ಹಿಡಿದುಕೊಂಡು ಶಾಲೆಯ ಮೇಷ್ಟರನ್ನೋ ಶಾನುಭೋಗರನ್ನೋ ಹುಡುಕಿಕೊಂಡು ಹೋಗುತ್ತಿದ್ದರು. ಓಲೆ ಕೈಸೇರಿದ ಮಾತ್ರಕ್ಕೆ ಸುದ್ದಿ ತಿಳಿಯುತ್ತಿರಲಿಲ್ಲ, ಓದುವವರು ಸಿಕ್ಕಬೇಕಾಗಿತ್ತು. ಇಸಿಜಿ ಎನ್ನುವುದೂ ಅಂಥದೇ ಓಲೆ.

ಒಂದು ಅಡಿಯಿಂದ ಒಂದೂವರೆ ಕಿಲೋಮೀಟರಿಗೆ

ನಮ್ಮ ಪಂಡಿತರು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುತ್ತಿದ್ದರು. ಯೂರೋಪಿನ ವೈದ್ಯರು ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಆಲಿಸುತ್ತಿದ್ದರು. 1816ರಲ್ಲಿ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯಲ್ಲಿ ರೆನೆ ಲೇನೆಕ್ ಎಂಬ ವೈದ್ಯನ ಬಳಿಗೆ ತರುಣಿಯೊಬ್ಬಳು ಬಂದಳು. ಎದೆಗೆ ಕಿವಿಯಿಡಲು ಸಂಕೋಚಪಟ್ಟ ಆತ ಕಾಗದದ ಹಾಳೆಗಳನ್ನು ಕೊಳವೆಯಾಗಿ ಸುತ್ತಿ ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದ. ಸದ್ದು ಮುಂಚಿಗಿಂತ ಸ್ಪಷ್ಟವಾಗಿ ಕೇಳಿಸಿತು. ಸ್ಟೆತಾಸ್ಕೋಪ್ ಹುಟ್ಟಿದ್ದು ಹೀಗೆ. ಎದೆಗೂ ವೈದ್ಯನಿಗೂ ನಡುವೆ ಒಂದು ಅಡಿಯ ಅಂತರ ಅಂದು ಬಂದಿತು. ಆ ಅಂತರದಿಂದ ವಿದ್ಯೆಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು.

ಮುಂದಿನ ಹೆಜ್ಜೆ ವಿದ್ಯುತ್ತಿನದು. ಹೃದಯ ಮಿಡಿಯುವಾಗ ದೇಹದಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ ಪ್ರವಾಹ ಹರಿಯುತ್ತದೆ. 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಅದನ್ನು ಮನುಷ್ಯನ ಮೈಮೇಲಿನಿಂದಲೇ ದಾಖಲು ಮಾಡಿದ. ಇದನ್ನು ವೈದ್ಯರ ಕೈಗೆ ಒದಗುವ ಸಾಧನವನ್ನಾಗಿ ಮಾಡಿದ ಕೀರ್ತಿ ಹಾಲೆಂಡಿನ ಲೈಡನ್ ನಗರದ ವಿಲೆಮ್ ಐಂತೋವನ್ ಎಂಬ ಪ್ರಾಧ್ಯಾಪಕನಿಗೆ ಸಲ್ಲುತ್ತದೆ. ಬೆಳ್ಳಿಯ ಲೇಪವಿದ್ದ ಸ್ಫಟಿಕದ ಸೂಕ್ಷ್ಮ ಎಳೆಯೊಂದನ್ನು ಬಲವಾದ ಅಯಸ್ಕಾಂತದ ನಡುವೆ ತೂಗುಬಿಟ್ಟು, ಅದರ ನಡುಕವನ್ನು ಆತ ಛಾಯಾಚಿತ್ರವಾಗಿ ಹಿಡಿದ. ರೋಗಿ ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕು. ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ; ನಡೆಸಲು ಐದು ಮಂದಿ ಬೇಕು.

ಇಷ್ಟು ಭಾರದ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವುದೆಂತು? ರೋಗಿಗಳನ್ನು ಪ್ರಯೋಗಶಾಲೆಗೆ ಹೊತ್ತು ತರುವುದೂ ಸುಲಭವಲ್ಲ. ಐಂತೋವನ್ ಒಂದು ಉಪಾಯ ಹೂಡಿದ. 1905ರಲ್ಲಿ ಆಸ್ಪತ್ರೆಯಿಂದ ಪ್ರಯೋಗಶಾಲೆಗೆ ಟೆಲಿಫೋನಿನ ತಂತಿಯ ಮೂಲಕ ಹೃದಯದ ಬರಹವನ್ನೇ ತರಿಸಿಕೊಂಡ. ದೂರ ಒಂದೂವರೆ ಕಿಲೋಮೀಟರ್. ರೋಗಿ ಹಾಸಿಗೆಯ ಬಳಿಯೇ ಇದ್ದ, ಅವನ ಎದೆಯ ಓಲೆ ಮಾತ್ರ ಊರು ದಾಟಿ ಬಂದಿತು. ಇಂದು ನಾವು ಅತಿ ಆಧುನಿಕವೆಂದು ಕೊಂಡಾಡುವ ದೂರವೈದ್ಯ ಹುಟ್ಟಿದ್ದು ಇಸಿಜಿಯ ಕೂಸುತನದಲ್ಲೇ! 1924ರಲ್ಲಿ ಐಂತೋವನ್‌ಗೆ ನೊಬೆಲ್ ಬಹುಮಾನ ಬಂದಿತು.

ಬರಹ ಸಿಕ್ಕಿತು, ಭಾಷೆ ಕಲಿಯಲು ಇನ್ನೂ ಕಾಲ ಹಿಡಿಯಿತು. ಹೃದಯದ ರಕ್ತನಾಳ ಮುಚ್ಚಿಕೊಂಡಾಗ ಗೆರೆಯಲ್ಲಿ ಯಾವ ಬದಲಾವಣೆ ಕಾಣುತ್ತದೆಂದು ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡೀ ಬರೆದದ್ದು 1920ರಲ್ಲಿ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಹನ್ನೆರಡು ನೋಟಗಳ ಇಸಿಜಿ ರೂಪುಗೊಂಡದ್ದು 1940ರ ದಶಕದಲ್ಲಿ. ಎಕೋ ಎಂಬ ಹೃದಯದ ಸ್ಕ್ಯಾನಿನ ಕಥೆ ಇನ್ನೂ ಸ್ವಾರಸ್ಯದ್ದು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯನೂ ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಲೋಹದಲ್ಲಿ ಬಿರುಕು ಹುಡುಕುವ ಶ್ರವಣಾತೀತ ಧ್ವನಿಯ ಯಂತ್ರವನ್ನು ಎರವಲು ತಂದು ಹೃದಯದ ಮೇಲೆ ಹಿಡಿದರು. ಹಡಗಿನ ಉಕ್ಕನ್ನು ಪರೀಕ್ಷಿಸುತ್ತಿದ್ದ ಧ್ವನಿ ಜೀವಂತ ಹೃದಯದ ಗೋಡೆಯ ಚಲನೆಯನ್ನು ತೋರಿಸಿತು.

ಸರಗೂರಿನ ಆಕಾಶಮಾರ್ಗ

ನಮ್ಮ ನಾಡಿನ ಕಡೆ ತಿರುಗೋಣ. ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿರಲಿಲ್ಲ. ಮಿಷನ್ ಆಸ್ಪತ್ರೆಯೆಂದೇ ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರದು. ಕೃಷ್ಣರಾಜೇಂದ್ರ ಆಸ್ಪತ್ರೆ 1920ರ ದಶಕದಲ್ಲಿ ತಲೆಯೆತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕ್ಷಯರೋಗಿಗಳಿಗೆಂದು ಕಟ್ಟಿದ ಆರೋಗ್ಯಧಾಮವೂ ಅದೇ ದಶಕದ್ದು. ಆ ಆರೋಗ್ಯಧಾಮದ ಆವರಣದಲ್ಲೇ, ಕೃಷ್ಣರಾಜಸಾಗರದ ರಸ್ತೆಯಲ್ಲಿ, 2018ರಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಮೈಸೂರು ಶಾಖೆಗೆ ಹೊಸ ಕಟ್ಟಡವಾಯಿತು. ಒಂದು ಶತಮಾನದಲ್ಲಿ ಭಯದ ಹೆಸರು ಹೇಗೆ ಬದಲಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಜ್ಜಂದಿರ ಕಾಲದಲ್ಲಿ ಕ್ಷಯವೆಂದರೆ ಮನೆ ನಡುಗುತ್ತಿತ್ತು. ಇಂದು ಎದೆನೋವೆಂದರೆ ನಡುಗುತ್ತದೆ.

ಆದರೆ ಇವೆಲ್ಲವೂ ಮೈಸೂರಿನ ಮಾತಾಯಿತು. ಕೋಟೆಯ ಕಾಡಂಚಿಗೆ ವೈದ್ಯ ಹೋದದ್ದು ಯಾವಾಗ? 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ನಾಯಕತ್ವದಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಕೆಲವರು ತರುಣರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಹಾಡಿಗಳಲ್ಲಿ ಕೆಲಸ ಆರಂಭಿಸಿ, ಕೆಂಚನಹಳ್ಳಿಯಲ್ಲೂ ಆಮೇಲೆ ಸರಗೂರಿನಲ್ಲೂ ಆಸ್ಪತ್ರೆ ನಡೆಸಿದರು. ಸರಗೂರಿನ ಆ ವಿವೇಕಾನಂದ ಸ್ಮಾರಕ ಆಸ್ಪತ್ರೆಗೆ 2002ರ ಸುಮಾರಿನಲ್ಲಿ ಒಂದು ಅಪೂರ್ವ ಸೌಲಭ್ಯ ಬಂದಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಎಂದರೆ ಇಸ್ರೋ, ಉಪಗ್ರಹದ ಮೂಲಕ ಅದನ್ನೂ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು.

ಇದರ ಲೆಕ್ಕವನ್ನು ವಾಚಕರು ಗಮನಿಸಬೇಕು. ಸರಗೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು ಇನ್ನೂರು ಕಿಲೋಮೀಟರ್. ಸಂಪರ್ಕದ ಉಪಗ್ರಹ ನಿಂತಿರುವುದು ನೆಲದಿಂದ 36,000 ಕಿಲೋಮೀಟರ್ ಮೇಲೆ. ಹೋಗುವುದಷ್ಟು, ಇಳಿಯುವುದಷ್ಟು, ಕೋಟೆಯ ರೈತನ ಎದೆಯ ಓಲೆ ಬೆಂಗಳೂರಿನ ವೈದ್ಯರ ಮೇಜಿಗೆ ಬರಲು 72,000 ಕಿಲೋಮೀಟರ್ ಸುತ್ತಿ ಬರುತ್ತಿತ್ತು. ಅದಕ್ಕೆ ಹಿಡಿಯುತ್ತಿದ್ದ ಕಾಲ ಒಂದು ಸೆಕೆಂಡಿಗೂ ಕಡಿಮೆ! ಕಬಿನಿಯ ದಂಡೆಯಿಂದ ಮೈಸೂರಿನ ಬಸ್ಸು ಹಿಡಿಯುವುದಕ್ಕಿಂತ ಆಕಾಶವೇ ಹತ್ತಿರವಾಯಿತು.

ಮೊಬೈಲು ಫೋನು ಹಳ್ಳಿಹಳ್ಳಿಗೂ ಬಂದಮೇಲೆ ಉಪಗ್ರಹದ ದೊಡ್ಡ ತಟ್ಟೆಯ ಅಗತ್ಯವೂ ಉಳಿಯಲಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಾಡಿನ ವೈದ್ಯರಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸಾಪಿನಲ್ಲಿ ತಜ್ಞರ ಬಳಗ ಕಟ್ಟಿ, ಬಂದ ಚಿತ್ರಗಳಿಗೆ ಕೂಡಲೇ ಉತ್ತರ ಕೊಡುವ ಏರ್ಪಾಡು ಮಾಡಿದರು. ಓಲೆ ಸಾಗುವ ತೊಂದರೆ ಹೀಗೆ ನೀಗಿತು. ಉಳಿದದ್ದು ಓದುವವರ ಕೊರತೆ. ತಜ್ಞರೆಷ್ಟು ಮಂದಿ? ಅವರಿಗೂ ಶಸ್ತ್ರಚಿಕಿತ್ಸೆಯುಂಟು, ಊಟ ನಿದ್ರೆಗಳುಂಟು. ರಾತ್ರಿ ಎರಡು ಗಂಟೆಗೆ ಪಿರಿಯಾಪಟ್ಟಣದಿಂದ ಹೊರಟ ಓಲೆಗೆ ಎಚ್ಚರವಾಗಿರುವ ಕಣ್ಣು ಬೇಕು. ಯಂತ್ರದ ಓದುಗ ಬಂದು ಕುಳಿತದ್ದು ಈ ಜಾಗದಲ್ಲಿ.

ಯಂತ್ರ ಓದಲು ಕಲಿತದ್ದು

ಇಸಿಜಿಯನ್ನು ಕಂಪ್ಯೂಟರಿನಿಂದ ಓದಿಸುವ ಪ್ರಯತ್ನ ಹೊಸದೇನಲ್ಲ. 1950ರ ದಶಕದ ಕೊನೆಯ ವೇಳೆಗೇ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹ್ಯೂಬರ್ಟ್ ಪಿಪ್‌ಬರ್ಗರ್ ಮೊದಲಾದವರು ಗೆರೆಗಳನ್ನು ಅಂಕಿಗಳಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಒಪ್ಪಿಸುತ್ತಿದ್ದರು. ಗೆರೆ ಇಷ್ಟು ಎತ್ತರವಾದರೆ ಇಂಥ ರೋಗ, ಇಷ್ಟು ಅಗಲವಾದರೆ ಇಂಥದು ಎಂದು ಮನುಷ್ಯರೇ ನಿಯಮಗಳನ್ನು ಬರೆದುಕೊಡುತ್ತಿದ್ದರು. ಇದು ವ್ಯಾಕರಣ ಬಾಯಿಪಾಠ ಮಾಡಿಸಿ ಭಾಷೆ ಕಲಿಸಿದಂತೆ. ನಮ್ಮ ಮನೆಯ ಕೂಸು ಕನ್ನಡ ಕಲಿಯುವುದು ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿಯಲ್ಲ; ಸಾವಿರಾರು ಸಲ ಕೇಳಿ, ತಪ್ಪಿ, ತಿದ್ದಿಸಿಕೊಂಡು. ಈಚಿನ ಯಂತ್ರಗಳು ಕಲಿಯುವುದು ಕೂಸಿನ ಹಾಗೆ. ಲಕ್ಷಗಟ್ಟಲೆ ಇಸಿಜಿಗಳನ್ನು, ಪ್ರತಿಯೊಂದರ ಜೊತೆಗೂ ವೈದ್ಯರು ಬರೆದ ತೀರ್ಮಾನವನ್ನು ಅದರ ಮುಂದಿಡುತ್ತಾರೆ. ಯಂತ್ರ ಊಹಿಸುತ್ತದೆ, ತಪ್ಪಾದಾಗ ತನ್ನೊಳಗಿನ ಲೆಕ್ಕವನ್ನು ತುಸು ತಿದ್ದಿಕೊಳ್ಳುತ್ತದೆ. ಹಾಗೆ ತಿದ್ದಿಕೊಳ್ಳುತ್ತ ಕೊನೆಗೆ ಓದು ಬರುತ್ತದೆ.

ಎಕೋ ಓದುವುದನ್ನೂ ಹೀಗೆಯೇ ಕಲಿಸಿದರು. ಹೃದಯದ ಎಡ ಕೋಣೆ ಪ್ರತಿ ಬಡಿತಕ್ಕೂ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರಕ್ಕೆ ದೂಡುತ್ತದೆ ಎಂಬುದು ವೈದ್ಯರಿಗೆ ಬಹು ಮುಖ್ಯ. ಆರೋಗ್ಯವಂತರಲ್ಲಿ ಅದು ಸುಮಾರು ನೂರಕ್ಕೆ 55ರಿಂದ 70ರಷ್ಟು. ಇದನ್ನು ಅಳೆಯುವುದಕ್ಕೆ ನುರಿತ ಕೈ, ನುರಿತ ಕಣ್ಣು ಎರಡೂ ಬೇಕು. 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 10,030 ಎಕೋ ಚಿತ್ರಗಳಿಂದ ಯಂತ್ರವೊಂದಕ್ಕೆ ಈ ಅಳತೆಯನ್ನು ಕಲಿಸಿದರು. ಆ ಬಳಿಕ ಲಾಸ್ ಏಂಜಲೀಸಿನಲ್ಲಿ ಒಂದು ಪರೀಕ್ಷೆ ನಡೆಯಿತು. 2023ರಲ್ಲಿ ಅದರ ಫಲ ಪ್ರಕಟವಾಯಿತು. 3,495 ಎಕೋಗಳಲ್ಲಿ ಕೆಲವಕ್ಕೆ ಯಂತ್ರ, ಕೆಲವಕ್ಕೆ ತರಬೇತಾದ ತಂತ್ರಜ್ಞರು ಮೊದಲ ಅಳತೆ ಬರೆದರು. ಯಾವುದು ಯಾರದೆಂದು ತಿಳಿಸದೆ ಹೃದ್ರೋಗ ತಜ್ಞರಿಂದ ತಿದ್ದಿಸಿದರು. ತಂತ್ರಜ್ಞರ ಅಳತೆಗಳಲ್ಲಿ ನೂರಕ್ಕೆ 27ರಷ್ಟನ್ನು ಗಣನೀಯವಾಗಿ ತಿದ್ದಬೇಕಾಯಿತು. ಯಂತ್ರದವುಗಳಲ್ಲಿ ನೂರಕ್ಕೆ 17ರಷ್ಟನ್ನು ಮಾತ್ರ.

ಇದಕ್ಕೂ ಮಿಗಿಲಾದ ಎರಡು ಸಂಗತಿಗಳು ನಮ್ಮ ತಾಲ್ಲೂಕುಗಳಿಗೆ ಸಂಬಂಧಪಟ್ಟವು. ಒಂದು: ಎಕೋ ಯಂತ್ರದ ಹಿಡಿಯನ್ನು ಎದೆಯ ಮೇಲೆ ಎಲ್ಲಿ, ಯಾವ ಕೋನದಲ್ಲಿ ಹಿಡಿಯಬೇಕೆಂದು ಹೇಳಿಕೊಡುವ ಯಂತ್ರಬುದ್ಧಿ ಬಂದಿದೆ. ಎಕೋ ಮಾಡಿ ಅನುಭವವಿಲ್ಲದ ಎಂಟು ಮಂದಿ ದಾದಿಯರು ಅದರ ಮಾರ್ಗದರ್ಶನದಲ್ಲಿ 240 ಜನರ ಹೃದಯವನ್ನು ಚಿತ್ರಿಸಿದರು. ಎಡ ಕೋಣೆಯ ಗಾತ್ರವನ್ನೂ ಶಕ್ತಿಯನ್ನೂ ಹೇಳುವುದಕ್ಕೆ ಆ ಚಿತ್ರಗಳು ಬಹುಮಟ್ಟಿಗೆ ಎಲ್ಲರಲ್ಲೂ ಸಾಲುವಂತಿದ್ದವೆಂದು 2021ರಲ್ಲಿ ವರದಿಯಾಯಿತು. ಎರಡು: ಮೇಯೋ ಕ್ಲಿನಿಕ್ಕಿನವರು ಸಾಧಾರಣ ಇಸಿಜಿಯಿಂದಲೇ ಹೃದಯದ ಪಂಪು ದುರ್ಬಲವಾಗಿದೆಯೇ ಎಂದು ಊಹಿಸುವುದನ್ನು ಯಂತ್ರಕ್ಕೆ ಕಲಿಸಿದರು. ಮನುಷ್ಯನ ಕಣ್ಣಿಗೆ ಆ ಸುಳಿವು ಕಾಣುವುದೇ ಇಲ್ಲ. 22,641 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಯಂತ್ರದ ಸೂಚನೆಯಿಲ್ಲದಲ್ಲಿ ನೂರಕ್ಕೆ 1.6 ಮಂದಿಯಲ್ಲಿ ಈ ದೌರ್ಬಲ್ಯ ಪತ್ತೆಯಾದರೆ, ಸೂಚನೆಯಿದ್ದಲ್ಲಿ 2.1 ಮಂದಿಯಲ್ಲಿ ಪತ್ತೆಯಾಯಿತು. ವ್ಯತ್ಯಾಸ ಸಣ್ಣದೆಂದು ಮೂಗು ಮುರಿಯಬಾರದು. ಸಾವಿರ ಜನರಲ್ಲಿ ಐವರಿಗೆ ರೋಗ ಮೊದಲೇ ತಿಳಿದಂತಾಯಿತು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಬೆಂಗಳೂರಿನ ಹೃದ್ರೋಗ ತಜ್ಞ ಡಾ. ಚರಿತ್ ಭೋಗರಾಜ್ ಒಬ್ಬರು. ಅವರೂ ಅವರ ಎಂಜಿನಿಯರ್ ಸಹಚರರೂ 2010ರ ದಶಕದ ನಡುವಿನಲ್ಲಿ ಟ್ರೈಕಾಗ್ ಎಂಬ ಸಂಸ್ಥೆಯನ್ನು ಕಟ್ಟಿದರು. ಸಣ್ಣ ಊರಿನ ಚಿಕಿತ್ಸಾಲಯದಲ್ಲಿ ತೆಗೆದ ಇಸಿಜಿ ಬೆಂಗಳೂರಿಗೆ ಬರುತ್ತದೆ. ಯಂತ್ರ ಅದನ್ನು ಮೊದಲು ಓದುತ್ತದೆ. ವೈದ್ಯರೊಬ್ಬರು ಪರಿಶೀಲಿಸಿ ಒಪ್ಪುತ್ತಾರೆ. ಕೆಲವೇ ನಿಮಿಷಗಳಲ್ಲಿ ಉತ್ತರ ಹಿಂತಿರುಗುತ್ತದೆ. ಕೊನೆಯ ಮಾತು ವೈದ್ಯರದೇ.

ಹೃದಯ ಜ್ಯೋತಿ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ನಾಡಿಗೇ ಬಂದ ಆಘಾತ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023-24ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಚಕ್ರದ ಗುಂಬ ಮತ್ತು ಅರೆಕಾಲುಗಳಂತೆ ಇದರ ರಚನೆ. ನಡುವೆ ಜಯದೇವದಂಥ ದೊಡ್ಡ ಆಸ್ಪತ್ರೆ, ಸುತ್ತ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳು. ಎದೆನೋವೆಂದು ಬಂದವರಿಗೆ ಅಲ್ಲೇ ಇಸಿಜಿ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವು ನಿಮಿಷಗಳಲ್ಲಿ ಓದು. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ಸೂಜಿಮದ್ದು ಅಲ್ಲೇ, ಉಚಿತವಾಗಿ. ಹೊರಗೆ ಕೊಂಡರೆ ಈ ಮದ್ದಿಗೆ ಹತ್ತಾರು ಸಾವಿರ ರೂಪಾಯಿ. ಬಳಿಕ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿ ರಕ್ತನಾಳವನ್ನು ಪರೀಕ್ಷಿಸುತ್ತಾರೆ.

ಮೊದಲು ಸೂಜಿ, ಆಮೇಲೆ ಪ್ರಯಾಣ. ಈ ಕ್ರಮದಲ್ಲೇ ಯೋಜನೆಯ ಜೀವಾಳವಿದೆ. ಹಿಂದೆ ಮೈಸೂರಿಗೆ ಹೋದಮೇಲೆ ಚಿಕಿತ್ಸೆ ಎಂಬುದೇ ರೂಢಿಯಾಗಿತ್ತು. ಪಿರಿಯಾಪಟ್ಟಣದಿಂದ ಹೊರಟವನ ಹೃದಯದ ಮಾಂಸ ದಾರಿಯುದ್ದಕ್ಕೂ ಸಾಯುತ್ತ ಹೋಗುತ್ತಿತ್ತು. ಸೂಜಿಮದ್ದು ಮೊದಲ ಒಂದೆರಡು ಗಂಟೆಗಳಲ್ಲಿ ಬಿದ್ದರೆ ಅದರ ಗುಣ ಹೆಚ್ಚು. ಹೊತ್ತು ಕಳೆದಂತೆ ಕುಗ್ಗುತ್ತದೆ. ಆದರೆ ಇದನ್ನು ಕುರುಡಾಗಿ ಚುಚ್ಚುವಂತಿಲ್ಲ. ಹೃದಯಾಘಾತವಲ್ಲದವನಿಗೆ ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವನ್ನು ವೃಥಾ ತಂದುಕೊಂಡಂತೆ. ತಾಲ್ಲೂಕು ಆಸ್ಪತ್ರೆಯ ಎಳೆಯ ವೈದ್ಯ ರಾತ್ರಿ ಒಬ್ಬನೇ ಇರುವಾಗ ಕೈ ನಡುಗುವುದು ಇಲ್ಲೇ. ಯಂತ್ರದ ಓದು, ಅದರ ಹಿಂದಿನ ತಜ್ಞನ ಒಪ್ಪಿಗೆ ಆ ಕೈಗೆ ಧೈರ್ಯ ಕೊಡುತ್ತದೆ. ಇಂಥ ಏರ್ಪಾಡಿನಿಂದ ಫಲವುಂಟೇ ಎಂದರೆ, ನೆರೆಯ ತಮಿಳುನಾಡಿನಲ್ಲಿ ಉಂಟೆಂದು ಕಂಡಿದೆ. ಅಲ್ಲಿ ದೊಡ್ಡ ಸಣ್ಣ ಆಸ್ಪತ್ರೆಗಳನ್ನು ಹೀಗೆ ಜೋಡಿಸಿ 2,420 ರೋಗಿಗಳನ್ನು ಗಮನಿಸಿದರು. ಒಂದು ವರ್ಷದೊಳಗಿನ ಸಾವು ಜೋಡಣೆಗೆ ಮುಂಚೆ ನೂರಕ್ಕೆ 17.6 ಇದ್ದದ್ದು ಆಮೇಲೆ 14.2ಕ್ಕೆ ಇಳಿಯಿತೆಂದು 2017ರಲ್ಲಿ ವರದಿಯಾಯಿತು.

2025ರ ಜೂನ್ ಜುಲೈಗಳಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ಹೃದಯಾಘಾತದ ಸಾವಿನ ಸುದ್ದಿ ಬಂದುದನ್ನು ವಾಚಕರು ಮರೆತಿರಲಾರರು. ಕೃಷ್ಣರಾಜನಗರದ ಸೀಮೆಗೆ ಹಾಸನ ನೆರೆಯ ಮನೆ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯ ಸಮಿತಿ ಪರಿಶೀಲಿಸಿ, ಹೃದಯಾಘಾತಗಳ ಸಂಖ್ಯೆ ಅಸಹಜವಾಗಿ ಏರಿದ ಲಕ್ಷಣವಿಲ್ಲವೆಂದು ವರದಿ ಕೊಟ್ಟಿತು. ಹೃದಯ ಜ್ಯೋತಿಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಭಯ ಒಂದು ಒಳ್ಳೆಯ ಕೆಲಸಕ್ಕೆ ಕಾರಣವಾದದ್ದು ಸಂತೋಷವೇ. ಆದರೆ ಭಯಕ್ಕೆ ಆಯುಸ್ಸು ಕಡಿಮೆ. ವ್ಯವಸ್ಥೆ ಅದಕ್ಕಿಂತ ಹೆಚ್ಚು ಕಾಲ ಬಾಳಬೇಕು.

ಯಾರ ಹೃದಯದಿಂದ ಕಲಿತದ್ದು?

ಯಂತ್ರವನ್ನು ಹೊಗಳಿದ್ದಾಯಿತು, ಅದರ ಮಿತಿಯನ್ನೂ ಹೇಳಬೇಕಲ್ಲವೇ? ಕೂಸು ಯಾರ ಮನೆಯಲ್ಲಿ ಬೆಳೆಯುತ್ತದೋ ಅವರ ಮಾತನ್ನೇ ಆಡುತ್ತದೆ. ಅಮೆರಿಕದ ಹೃದಯಗಳಿಂದ ಕಲಿತ ಯಂತ್ರ ನಮ್ಮ ಹೃದಯಗಳ ನುಡಿಯನ್ನು ಪೂರ್ತಿ ಬಲ್ಲದೆಂದು ನಂಬುವಂತಿಲ್ಲ. ನಮ್ಮ ಜನರ ಹೃದಯದ ಇತಿಹಾಸವೇ ಬೇರೆ. ಇದನ್ನು ಜಗತ್ತಿಗೆ ತೋರಿಸಿದ್ದು ಮೈಸೂರಿನ ಮಿಷನ್ ಆಸ್ಪತ್ರೆಯ ಹಳೆಯ ದಫ್ತರಗಳು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಬರೆದಿಟ್ಟಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಇಲ್ಲಿನ ವೈದ್ಯರೂ ಸೇರಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಅವರ ಹೃದಯವನ್ನು ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಹೊರಬಂದಿತು. ಎರಡೂವರೆ ಕಿಲೋಗ್ರಾಮಿಗಿಂತ ಹೆಚ್ಚಿಲ್ಲದೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ರೋಗ. ಮೂರು ಕಿಲೋಗ್ರಾಮು ದಾಟಿ ದುಂಡಗೆ ಹುಟ್ಟಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾಯಿಯ ಹಸಿವು ಮಗನ ಐವತ್ತನೆಯ ವಯಸ್ಸಿನಲ್ಲಿ ಎದೆನೋವಾಗಿ ಬರಬಹುದು ಎಂಬ ಮಾತು!

ಆ ದಾದಿಯರು ತೂಕ ಬರೆಯುವಾಗ ಅರುವತ್ತು ವರ್ಷಗಳ ಮೇಲೆ ಇದರಿಂದ ಏನಾಗುವುದೆಂದು ಕನಸಿನಲ್ಲೂ ನೆನೆದಿರಲಾರರು. ನಿಯಮದಂತೆ ಬರೆದರು, ಸರಿಯಾಗಿ ಬರೆದರು, ಅಷ್ಟೇ. ಯಂತ್ರದ ಬುದ್ಧಿಯೂ ನಿಂತಿರುವುದು ಇಂಥ ಬರಹದ ಮೇಲೆಯೇ. ಇಂದು ಹುಣಸೂರಿನಲ್ಲೋ ಕೋಟೆಯಲ್ಲೋ ತೆಗೆದ ಇಸಿಜಿಯ ಜೊತೆಗೆ, ಆ ರೋಗಿಗೆ ಆಮೇಲೆ ಏನಾಯಿತೆಂದು ಪ್ರಾಮಾಣಿಕವಾಗಿ ಬರೆದಿಟ್ಟರೆ ನಾಳಿನ ಯಂತ್ರ ನಮ್ಮ ನುಡಿ ಕಲಿಯುತ್ತದೆ. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿ ಕಳೆದವರ, ಬೀಡಿಯ ಚಟವಿದ್ದವರ, ಸಕ್ಕರೆ ಕಾಯಿಲೆಯವರ, ಹಾಡಿಯವರ ಹೃದಯಗಳೂ ಅದರ ಪಾಠದಲ್ಲಿ ಸೇರುತ್ತವೆ. ಬರೆಯದಿದ್ದರೆ, ಪರಭಾಷೆಯ ಓದುಗನೊಬ್ಬ ನಮ್ಮ ಓಲೆಯನ್ನು ತಡವರಿಸಿ ಓದಿದಂತೆ ಆದೀತು. ರೋಗಿಯ ಗುಟ್ಟನ್ನು ಕಾಪಾಡುವ ಹೊಣೆಯಂತೂ ಬರೆಯುವವರ ಮೇಲೂ ಇಟ್ಟುಕೊಳ್ಳುವವರ ಮೇಲೂ ಸಮನಾಗಿ ಉಂಟು.

ಇನ್ನೂ ಒಂದು ಎಚ್ಚರಿಕೆ. ಹೃದಯಾಘಾತದ ಆರಂಭದಲ್ಲಿ ಮೊದಲ ಇಸಿಜಿ ಸರಿಯಾಗಿಯೇ ಕಾಣಬಹುದು. ಎಡಗೈಯ ತಂತಿಯನ್ನು ಬಲಗೈಗೆ ಕಟ್ಟಿದರೆ ಯಂತ್ರ ತಪ್ಪು ಓಲೆಯನ್ನು ಸರಿಯಾಗಿ ಓದುತ್ತದೆ! ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ತೆಗೆಯಬೇಕೆಂದು ಬಲ್ಲ ವೈದ್ಯ, ತಂತಿಯನ್ನು ಸರಿಯಾಗಿ ಕಟ್ಟುವ ದಾದಿ, ಇವರಿಬ್ಬರ ಜಾಗಕ್ಕೆ ಯಂತ್ರ ಬರುವುದಿಲ್ಲ.

ಕೊನೆಯದಾಗಿ, ಯಾವ ಯಂತ್ರವೂ ಓದಲಾರದ ಒಂದು ದೂರ ಉಳಿದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಲ್ಲಿ 20,468 ಹೃದ್ರೋಗಿಗಳ ವಿವರ ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದರು. ತೀವ್ರ ಹೃದಯಾಘಾತವಾದವರಲ್ಲಿ ಅರ್ಧದಷ್ಟು ಜನ ಆಸ್ಪತ್ರೆ ಮುಟ್ಟಿದ್ದು ನೋವು ಆರಂಭವಾಗಿ ಆರು ಗಂಟೆ ಕಳೆದ ಮೇಲೆ. ಆಸ್ಪತ್ರೆಯ ಬಾಗಿಲಿನಿಂದ ಸೂಜಿಯವರೆಗೆ ಹಿಡಿದದ್ದಾದರೋ ಸುಮಾರು 50 ನಿಮಿಷ. ಯಂತ್ರ ಎಷ್ಟು ಚುರುಕಾದರೂ ಉಳಿಸುವುದು ಈ 50 ನಿಮಿಷಗಳಲ್ಲಿ ಒಂದಷ್ಟನ್ನು. ಉಳಿದ ಆರು ಗಂಟೆ ಕಳೆಯುವುದು ಮನೆಯ ಜಗಲಿಯ ಮೇಲೆ: ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿ, ಜೀರಿಗೆ ಕಷಾಯ ಮಾಡಿಕೊಡು, ಬೆಳಗಾಗಲಿ ನೋಡೋಣ. ಹೊಗೆಸೊಪ್ಪು ಹರಾಜಿಗೆ ಹೋಗಬೇಕಾದ ದಿನ, ನಾಟಿಗೆ ಆಳು ಹೇಳಿದ ದಿನ, ನೋವನ್ನು ನುಂಗಿಕೊಂಡವರು ಎಷ್ಟು ಮಂದಿಯೋ!

ಈ ಪುಟವನ್ನು ಓದುವ ಪೇಟೆಯ ವಾಚಕರಲ್ಲಿ ಅನೇಕರಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ತಂದೆ ತಾಯಿಯರೋ ಸೋದರಮಾವಂದಿರೋ ಇದ್ದಾರೆ. ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದರೆ, ನೋವು ಎಡತೋಳಿಗೋ ದವಡೆಗೋ ಹಬ್ಬಿದರೆ, ಮಗನಿಗೆ ಫೋನು ಮಾಡಿ ಅವನು ಕಾರಿನಲ್ಲಿ ಬರಲೆಂದು ಕಾಯಬೇಡಿ. 108ಕ್ಕೆ ಹೇಳಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೊದಲು ಇಸಿಜಿ ತೆಗೆಸಿಕೊಳ್ಳಿ ಎಂದು ಅವರಿಗೆ ಈ ಭಾನುವಾರವೇ ಹೇಳಿಡುವುದು ಮೇಲು. ಹಾಗೆಯೇ ಊರಿಗೆ ಹೋದಾಗ ಆಸ್ಪತ್ರೆಯಲ್ಲಿ ಯಂತ್ರ ಕೆಲಸ ಮಾಡುತ್ತಿದೆಯೇ, ಸೂಜಿಮದ್ದು ದಾಸ್ತಾನಿನಲ್ಲಿದೆಯೇ, ರಾತ್ರಿ ವೈದ್ಯರಿರುತ್ತಾರೆಯೇ ಎಂದು ವಿಚಾರಿಸುವುದೂ ನಾಗರಿಕರ ಕೆಲಸ. ಓಲೆಯನ್ನು ಓದುವವರು ಈಗ ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಾಗಿದ್ದಾರೆ. ಓಲೆಯನ್ನು ಹೊತ್ತಿಗೆ ಸರಿಯಾಗಿ ಅವರ ಕೈಗೆ ಮುಟ್ಟಿಸುವ ಹೊಣೆ ನಮ್ಮದು.